ಚಿತ್ರೋದ್ಯಮಿ ಗುಬ್ಬಿ ವೀರಣ್ಣ

ಕನ್ನಡದಲ್ಲಿ ಮೊದಲು ತೆರೆಕಂಡ ವಾಕ್ಚಿತ್ರ 'ಸತಿ ಸುಲೋಚನ'. ಅದು ಬೆಂಗಳೂರಿನಲ್ಲಿ ಪ್ರದರ್ಶನಗೊಂಡದ್ದು 1934ನೆಯ ಇಸವಿ ಮಾರ್ಚ್ 3ರಂದು. ಹಣ ಹೂಡಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವರ್ತಕರಾದ ಚಮನ್‌ಲಾಲ್ ಡೂಂಗಾಜಿ. ಅಭಿನಯಿಸಿದವರು ನಮ್ಮ ರಂಗಭೂಮಿಯಲ್ಲಿ ಆಗಲೇ ಹೆಸರಾಗಿದ್ದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದವರು. ಮಾತು ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಹೀಗೆ ಹಣ, ನಟವರ್ಗ, ಭಾಷೆ ಮೂರೂ ಇಲ್ಲಿಯವೇ ಆಗಿದ್ದರೂ ಚಿತ್ರೀಕರಣ ನಡೆದುದು ಕೊಲ್ಲಾಪುರದ ಛತ್ರಪತಿ ಸಿನಿಟೋನ್ ಎಂಬ ಸ್ಟುಡಿಯೋದಲ್ಲಿ. ರಾವಣ, ಇಂದ್ರಜಿತು, ಮಂಡೋದರಿಯರೆಲ್ಲರೂ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಬೇಕಾಯಿತು.

ಈ ಸಂಗತಿಯನ್ನು ಮೊದಲೇ ಹೇಳಿದ್ದಕ್ಕೆ ಕಾರಣವುಂಟು. ಈ ಭಾಷಣದ ವಿಷಯವಾದ ಗುಬ್ಬಿ ವೀರಣ್ಣನವರನ್ನು ನಾವು 'ನಾಟಕರತ್ನ'ರೆಂದು ನೆನೆಯುತ್ತೇವೆ, 'ಸದಾರಮೆ'ಯ ಕಳ್ಳನೆಂದು ನೆನೆಯುತ್ತೇವೆ. ಆದರೆ ವಾಕ್ಚಿತ್ರ ಬರುವುದಕ್ಕೆ ಮೊದಲೇ ಬೆಂಗಳೂರಿನಲ್ಲಿ ಚಲನಚಿತ್ರ ಸಂಸ್ಥೆಯೊಂದನ್ನು ಕಟ್ಟಿ, ಕೈಯಿಂದ ಹಣ ಹಾಕಿ, ಮೂಕಚಿತ್ರಗಳನ್ನು ತೆಗೆಸಿದ ಉದ್ಯಮಿಯೂ ಅವರೇ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕನ್ನಡ ಚಿತ್ರಗಳು ಸ್ಟುಡಿಯೋಗಳನ್ನು ಅರಸಿ ಕೊಲ್ಲಾಪುರಕ್ಕೂ ಮದರಾಸಿಗೂ ಅಲೆಯುತ್ತಿದ್ದ ಎರಡು ದಶಕಗಳ ಉದ್ದಕ್ಕೂ ಕನ್ನಡದ ನಿಜವಾದ ಸ್ಟುಡಿಯೋ ಎನ್ನಬಹುದಾದ ಒಂದು ಸಂಸ್ಥೆ ಈ ನಾಡಿನಲ್ಲೇ ಇದ್ದಿತು, ಅದಕ್ಕೆ ಗೋಡೆಗಳು ಮಾತ್ರ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಗುಬ್ಬಿ ಕಂಪನಿ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ತೆಂಗು ಅಡಿಕೆಗಳ ಸೀಮೆ. ವ್ಯಾಪಾರಕ್ಕೆ ಹೆಸರಾದ ಊರು. ಅವರು ಹುಟ್ಟುವುದಕ್ಕೆ ಏಳು ವರ್ಷ ಮೊದಲೇ, 1884ರಲ್ಲಿ, ಆ ಊರಿನ ಚಂದಣ್ಣನವರು ಮತ್ತು ಅವರ ಗೆಳೆಯ ಅಬ್ದುಲ್ ಅಜೀಜ್ ಸಾಹೇಬರು ಊರದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘವೊಂದನ್ನು ಆರಂಭಿಸಿದ್ದರು. ಒಬ್ಬ ಹಿಂದೂ, ಒಬ್ಬ ಮುಸಲ್ಮಾನ, ಇಬ್ಬರೂ ಸೇರಿ ಚನ್ನಬಸವೇಶ್ವರನ ಕೃಪೆಗೆ ಪಾತ್ರವಾದ ಸಂಘವನ್ನು ಕಟ್ಟಿದುದು ಆ ಕಾಲದಲ್ಲಿ ಯಾರಿಗೂ ವಿಶೇಷವೆನಿಸಿದಂತೆ ಕಾಣುವುದಿಲ್ಲ. ಬಾಲಕನಾಗಿ ಆ ಸಂಘವನ್ನು ಸೇರಿದ ವೀರಣ್ಣನವರು ಸಣ್ಣಪುಟ್ಟ ವೇಷಗಳಿಂದ ಮೇಲೆದ್ದು, ಸ್ತ್ರೀಪಾತ್ರಗಳನ್ನೂ ಮಾಡಿ, ಹಾಸ್ಯನಟರೆಂದು ಹೆಸರು ಪಡೆದು, 1917ರಲ್ಲಿ ಅದರ ಒಡೆಯರಾದರು.

ನಾಟಕ ಕಂಪನಿ ಎಂದರೇನು ಎಂಬುದನ್ನು ಈಗಿನ ಕೇಳುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಂಜೆ ಕಚೇರಿ ಮುಗಿಸಿ ಬಂದು ತಾಲೀಮು ನಡೆಸುವ ಹವ್ಯಾಸಿಗಳ ಕೂಟವಲ್ಲ ಅದು. ಅದೊಂದು ನಡೆದಾಡುವ ಊರು. ನಟರು, ಹಾಡುಗಾರರು, ಹಾರ್ಮೋನಿಯಂ ತಬಲಗಳವರು, ನಾಟಕ ಕಲಿಸುವ ಮೇಷ್ಟರು, ಪದ್ಯ ಹೊಸೆದುಕೊಡುವ ಕವಿಗಳು, ಪರದೆ ಬರೆಯುವ ಚಿತ್ರಗಾರರು, ಕಿರೀಟ ಭುಜಕೀರ್ತಿಗಳನ್ನು ಮಾಡುವವರು, ಬಡಗಿಗಳು, ದೀಪದವರು, ದರ್ಜಿಗಳು, ಅಡಿಗೆಯವರು, ಗೇಟಿನಲ್ಲಿ ಟಿಕೆಟ್ ಹರಿಯುವವರು, ಇವರೆಲ್ಲರ ಸಂಸಾರಗಳು. ಒಂದು ಊರಿನಲ್ಲಿ ಕ್ಯಾಂಪು ಮುಗಿದರೆ ತಗಡಿನ ಥಿಯೇಟರನ್ನು ಬಿಚ್ಚಿ, ಸಾಮಾನುಗಳನ್ನೆಲ್ಲ ರೈಲಿಗೆ ತುಂಬಿಸಿ, ಮತ್ತೊಂದು ಊರಿನಲ್ಲಿ ಕಂಬ ನೆಡಬೇಕು. ಮಳೆ ಹಿಡಿದರೆ ಆಟವಿಲ್ಲ. ಆಟವಿರಲಿ ಬಿಡಲಿ, ಒಲೆ ಹೊತ್ತಿಸಲೇಬೇಕು. ಗಲ್ಲಾಪೆಟ್ಟಿಗೆಗೂ ಅಡಿಗೆಮನೆಗೂ ನಡುವೆ ಹಾಸಿದ ಹಗ್ಗದ ಮೇಲೆ ನಡೆಯುವ ವಿದ್ಯೆಯೇ ಕಂಪನಿಯ ಯಜಮಾನಿಕೆ.

ವೀರಣ್ಣನವರು ಈ ವಿದ್ಯೆಯನ್ನು ಎಷ್ಟರಮಟ್ಟಿಗೆ ಸಾಧಿಸಿದರೆಂದರೆ ಅವರ ಕೈಕೆಳಗೆ ಕಂಪನಿ ಕವಲೊಡೆಯಿತು. ಮಕ್ಕಳದೇ ಒಂದು ತಂಡವನ್ನು ಬೇರೆಯಾಗಿ ನಡೆಸಿದರು. ರಂಗಕ್ಕೆ ವಿದ್ಯುದ್ದೀಪಗಳನ್ನು ತಂದರು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗದ ಮೇಲೆ ತಂದು, ಅವರು ಅಲ್ಲಿ ನಿಲ್ಲುವಂತೆ ನೋಡಿಕೊಂಡರು. ಬಿ. ಜಯಮ್ಮನವರಂಥ ಕಲಾವಿದೆ ಬೆಳೆದದ್ದು ಹಾಗೆ. ಮೈಸೂರು ಅರಮನೆಯ ಮೆಚ್ಚುಗೆಯೂ ಒದಗಿತು. ಆದರೆ ಅರಮನೆಯ ಮೆಚ್ಚುಗೆಯಿಂದ ಒಲೆ ಉರಿಯುವುದಿಲ್ಲ. ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕೂರುವ ಪ್ರೇಕ್ಷಕನನ್ನು ಅವರು ಎಂದೂ ಮರೆಯಲಿಲ್ಲ. ಅವರ ಹೆಚ್ಚುಗಾರಿಕೆಗೂ, ವಿಮರ್ಶಕರು ಎತ್ತಿ ಆಡಿದ ಅವರ ದೋಷಗಳಿಗೂ ಮೂಲ ಇದೇ.

ಇಂಥ ಮನುಷ್ಯ ಸಿನಿಮಾದ ಕಡೆಗೆ ಏಕೆ ತಿರುಗಿದರು? ಅಂದಿನ ದಕ್ಷಿಣ ಭಾರತದ ಚಿತ್ರೋದ್ಯಮದ ಸ್ಥಿತಿಯನ್ನು ತುಸು ನೋಡೋಣ. ಮದರಾಸಿನಲ್ಲಿ ಮೋಟಾರು ವ್ಯಾಪಾರ ಮಾಡಿಕೊಂಡಿದ್ದ ನಟರಾಜ ಮೊದಲಿಯಾರರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ 'ಕೀಚಕವಧಂ' ಎಂಬ ಮೂಕಚಿತ್ರವನ್ನು ತಯಾರಿಸಿ ದಕ್ಷಿಣದ ಮೊದಲ ಸ್ಟುಡಿಯೋ ಸ್ಥಾಪಕರೆನಿಸಿದರು. ಮದರಾಸಿನ ಸೆಕೆಯಲ್ಲಿ ಫಿಲ್ಮು ತೊಳೆಯುವುದು ಕಷ್ಟವೆಂದು ಅವರು ಅದಕ್ಕಾಗಿ ಪ್ರಯೋಗಶಾಲೆಯನ್ನು ಬೆಂಗಳೂರಿನಲ್ಲಿ ಇಟ್ಟಿದ್ದರು. ಚಿತ್ರರಂಗಕ್ಕೆ ಬೆಂಗಳೂರು ಮೊದಲು ಉಪಯೋಗಕ್ಕೆ ಬಂದದ್ದು ತನ್ನ ತಂಪುಹವೆಯಿಂದ ಎನ್ನಬೇಕು! ಮುಂದೆ ಹರಿಭಾಯಿ ದೇಸಾಯಿ ಎಂಬ ಗುಜರಾತಿ ಉದ್ಯಮಿ ಬೆಂಗಳೂರಿನಲ್ಲೇ ಸೂರ್ಯ ಫಿಲ್ಮ್ ಕಂಪನಿಯನ್ನು ತೆರೆದು ಸಾಲುಸಾಲಾಗಿ ಮೂಕಚಿತ್ರಗಳನ್ನು ತೆಗೆದರು. ಮೋಹನ್ ಭವನಾನಿಯವರು ಶೂದ್ರಕನ 'ಮೃಚ್ಛಕಟಿಕ'ವನ್ನು 'ವಸಂತಸೇನಾ' ಎಂಬ ಮೂಕಚಿತ್ರವಾಗಿಸಿದಾಗ ಅದರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದರು. ಮರ್ಯಾದಸ್ಥರು ಸಿನಿಮಾದಲ್ಲಿ ಮುಖ ತೋರಿಸಬಾರದೆಂಬ ಕಟ್ಟು ಹೀಗೆ ಸಡಿಲವಾಗುತ್ತಿತ್ತು.

ಈ ಹೊತ್ತಿನಲ್ಲಿ, 1930ರ ಆಸುಪಾಸಿನಲ್ಲಿ, ವೀರಣ್ಣನವರು ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರಿಂದ 'ಹಿಸ್ ಲವ್ ಅಫೇರ್' ಎಂಬ ಇಂಗ್ಲಿಷ್ ಹೆಸರಿನ ಸಾಮಾಜಿಕ ಚಿತ್ರ, 'ಹರಿಮಾಯಾ' ಎಂಬ ಪೌರಾಣಿಕ ಚಿತ್ರ ಮೊದಲಾದವು ಹೊರಬಂದವು. ಮೊದಲನೆಯದನ್ನು ನಿರ್ದೇಶಿಸಿದವರು ಒಬ್ಬ ವಿದೇಶೀಯರು. 'ಹರಿಮಾಯಾ'ವನ್ನು ನಿರ್ದೇಶಿಸಿದವರು ವೈ. ವಿ. ರಾವ್. ಈ ವೈ. ವಿ. ರಾಯರೇ ಎರಡು ವರ್ಷಗಳ ತರುವಾಯ 'ಸತಿ ಸುಲೋಚನ'ದ ನಿರ್ದೇಶಕರಾದರು. ಆ ಚಿತ್ರಕ್ಕೆ ಮಾತು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳೋ, ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು. ಅಂದಮೇಲೆ ಮೊದಲ ಕನ್ನಡ ವಾಕ್ಚಿತ್ರದ ನಿರ್ಮಾಪಕರ ಪಟ್ಟಿಯಲ್ಲಿ ವೀರಣ್ಣನವರ ಹೆಸರು ಇಲ್ಲದಿದ್ದರೂ ಅವರ ಮನೆಯ ನೀರು ಕುಡಿದವರ ಹೆಸರುಗಳು ಉಂಟು.

ಮೂಕಚಿತ್ರ ತೆಗೆಯುವುದು ಕಂಪನಿಯ ಯಜಮಾನನಿಗೆ ತೀರ ಹೊಸ ಕೆಲಸವಾಗಿರಲಿಲ್ಲ. ಆಗಿನ ಸ್ಟುಡಿಯೋ ಎಂದರೆ ನಾಲ್ಕು ಕಡೆ ತೆರೆದ ಒಂದು ಅಂಗಳ. ಮೇಲೆ ಸೂರಿಲ್ಲ, ಬೆಳಕಿಗೆ ಸೂರ್ಯನೇ ಗತಿ. ಬಿಸಿಲು ಚುರುಕಾದರೆ ತೆಳುಬಟ್ಟೆಯನ್ನು ಮೇಲೆ ಕಟ್ಟಿ ಹದ ಮಾಡುತ್ತಿದ್ದರು. ಹಿಂದೆ ಒಂದು ಪರದೆ, ಮುಂದೆ ಕೈಯಿಂದ ತಿರುಗಿಸುವ ಕ್ಯಾಮೆರಾ. ಬಡಗಿ ಸುತ್ತಿಗೆ ಬಡಿಯುತ್ತಿದ್ದರೂ, ಪಕ್ಕದ ಬೀದಿಯಲ್ಲಿ ಜಟಕಾಗಾಡಿ ಹಾದುಹೋದರೂ ಚಿಂತೆಯಿಲ್ಲ. ಇಂಥ ಅಂಗಳವನ್ನು ಗುಬ್ಬಿ ಕಂಪನಿಯವರು ಒಂದೇ ಹಗಲಿನಲ್ಲಿ ನಿಲ್ಲಿಸಬಲ್ಲವರಾಗಿದ್ದರು.

ಆದರೆ 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಅರ್ದೇಶಿರ್ ಇರಾನಿಯವರ 'ಆಲಂ ಆರಾ' ತೆರೆಕಂಡಿತು, ಚಿತ್ರ ಮಾತನಾಡತೊಡಗಿತು. ಮಾತು ಬಂದ ಕೂಡಲೆ ಗೋಡೆ ಬೇಕಾಯಿತು. ಇರಾನಿಯವರ ಸ್ಟುಡಿಯೋದ ಬಳಿ ರೈಲುಹಾದಿಯಿದ್ದುದರಿಂದ ರೈಲುಗಳ ಸದ್ದಡಗಿದ ರಾತ್ರಿಯ ಹೊತ್ತಿನಲ್ಲಿ ಅವರು ಚಿತ್ರೀಕರಣ ನಡೆಸಬೇಕಾಯಿತೆಂಬುದು ಪ್ರಸಿದ್ಧವಾದ ಸಂಗತಿ. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನ ಸದ್ದು ಗೋಡೆಗೆ ತಾಕಿ ಮರುದನಿಗೊಡದಂತೆ ಎಲ್ಲವನ್ನೂ ಮುಚ್ಚಬೇಕು, ಹೊದಿಸಬೇಕು. ಸೂರ್ಯನನ್ನು ಹೊರಗೆ ಹಾಕಿದ ಮೇಲೆ ಬೆಳಕಿಗಾಗಿ ವಿದ್ಯುತ್ತು ಬೇಕು. ಜೊತೆಗೆ ಧ್ವನಿಮುದ್ರಣದ ಯಂತ್ರ, ಅದನ್ನು ಬಲ್ಲ ತಂತ್ರಜ್ಞ. ಅಂಗಳವಾಗಿದ್ದ ಸ್ಟುಡಿಯೋ ಕಾರ್ಖಾನೆಯಾಯಿತು.

ಒಂದು ಮಾತನ್ನು ಇಲ್ಲಿ ನಡುವೆ ಸೇರಿಸುತ್ತೇನೆ. ಇದೇ ಕಾಲದಲ್ಲಿ, 1935ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರಕ್ಕೆ ಸಂಬಂಧಿಸಿದ್ದು. ಕನ್ನಡದ ದನಿಯನ್ನು ಗಾಳಿಗೆ ಬಿಡಲು ಒಬ್ಬ ಮೇಷ್ಟರ ಮನೆ ಸಾಕಾಯಿತು. ಅದೇ ದನಿಯನ್ನು ಫಿಲ್ಮಿಗೆ ಅಂಟಿಸಲು ಕೊಲ್ಲಾಪುರಕ್ಕೆ ಹೋಗಬೇಕಿತ್ತು. ಬಂಡವಾಳದ ಅಂತರ ಅಂಥದು.

ಬಂಡವಾಳದ ಈ ಲೆಕ್ಕ ತಿಳಿಯದೆ ವೀರಣ್ಣನವರ ಬಾಳು ಅರ್ಥವಾಗುವುದಿಲ್ಲ. ನಾಟಕ ಕಂಪನಿ ಕರೆಯುವ ಹಸುವಿದ್ದಂತೆ. ಮೇವು ಹಾಕಿದರೆ ಸಂಜೆಗೆ ಹಾಲು. ಇಂದು ಕಡಿಮೆಯಾದರೆ ನಾಳೆ ಮೇವು ಬದಲಿಸಬಹುದು. ನಾಟಕ ಹಿಡಿಸಲಿಲ್ಲವೆ, ಎರಡು ಹಾಡು ಸೇರಿಸಿ, ಒಂದು ದೃಶ್ಯ ಕತ್ತರಿಸಿ, ಆಗಲೂ ನಡೆಯದಿದ್ದರೆ ಶನಿವಾರಕ್ಕೆ ಮತ್ತೆ 'ಸದಾರಮೆ'. ಚಿತ್ರ ಹಾಗಲ್ಲ, ಅದು ಗುಬ್ಬಿಯ ಕಡೆಯ ತೆಂಗಿನ ತೋಟವಿದ್ದಂತೆ. ಮೊದಲು ನೆಲ, ಬಾವಿ, ಸಸಿ, ಆಳು. ಫಲ ಮಾತ್ರ ಕಾದವನಿಗೆ, ಅದೂ ಮಳೆ ಕೈಹಿಡಿದರೆ. ವಾಕ್ಚಿತ್ರದಲ್ಲಿ ಸೆಕೆಂಡಿಗೆ 24 ಬಿಂಬಗಳು ಓಡುತ್ತವೆ. ಒಂದು ಅಡಿ ಫಿಲ್ಮಿನಲ್ಲಿ 16 ಬಿಂಬಗಳು. ಆ ಲೆಕ್ಕದಲ್ಲಿ ನಿಮಿಷಕ್ಕೆ 90 ಅಡಿ, ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ. ಕೆಟ್ಟುಹೋಗಿ ಬಿಸಾಡಿದ್ದು ಬೇರೆ. ಕಚ್ಚಾಫಿಲ್ಮು ಪರದೇಶದಿಂದ ಬರಬೇಕು. 'ಸತಿ ಸುಲೋಚನ'ಕ್ಕೆ ಸುಮಾರು 40,000 ರೂಪಾಯಿ ತಗುಲಿತೆಂದು ಹೇಳುತ್ತಾರೆ. ಒಮ್ಮೆ ಮುದ್ರಿತವಾದ ಮಾತನ್ನು ಎರಡನೆಯ ವಾರ ಬದಲಿಸಲಾಗದು. ಹಾಸ್ಯನಟನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೊಂದಿಲ್ಲ.

ವೀರಣ್ಣನವರು ವಾಕ್ಚಿತ್ರದ ಸವಾಲಿಗೆ ಕೊಟ್ಟ ಮೊದಲ ಉತ್ತರ ಚಿತ್ರವಾಗಿರಲಿಲ್ಲ, ನಾಟಕವಾಗಿತ್ತು. 'ಸತಿ ಸುಲೋಚನ' ಬಂದ 1934ರಲ್ಲೇ ಅವರು ಬೆಂಗಳೂರಿನಲ್ಲಿ 'ಕುರುಕ್ಷೇತ್ರ' ನಾಟಕವನ್ನು ಆಡಿಸಿದರು. ನಿಜವಾದ ಆನೆಗಳು, ನಿಜವಾದ ಕುದುರೆಗಳು ರಂಗದ ಮೇಲೆ ಬಂದವು. ಪಂಡಿತರು ಇದನ್ನು ಸರ್ಕಸ್ಸೆಂದು ಹಳಿದಿರುವುದುಂಟು. ನಾಟಕದ ದೃಷ್ಟಿಯಿಂದ ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆನೆ ರಂಗಕ್ಕೆ ಬಂದ ಮೇಲೆ ಕರ್ಣನ ಮಾತಿಗೆ ಕಿವಿಗೊಡುವವರು ಯಾರು? ಆದರೆ ಉದ್ಯಮಿಯ ದೃಷ್ಟಿಯಿಂದ ನೋಡಿ. ಬಿಳಿಯ ತೆರೆಯ ಮೇಲೆ ಆನೆಯ ನೆರಳು ಬಂದರೆ ಜನ ಬೆರಗಾಗುತ್ತಾರೆಂದು ಕಂಡ ಮನುಷ್ಯ, ಆನೆಯನ್ನೇ ತಂದು ನಿಲ್ಲಿಸುತ್ತೇನೆಂದು ಹೊರಟಿದ್ದರು. ಆ ಹೊತ್ತಿಗೆ ಕರ್ನಾಟಕದಲ್ಲಿ ಎಷ್ಟೋ ಕಂಪನಿಗಳು ಸಿನಿಮಾದ ಮುಂದೆ ಬಾಗಿಲು ಮುಚ್ಚುವ ದಾರಿಯಲ್ಲಿದ್ದವು. ನೂರಾರು ಜನರ ಅನ್ನದ ಪ್ರಶ್ನೆ ಎದುರಿಗಿದ್ದಾಗ ಶುದ್ಧ ನಾಟ್ಯಶಾಸ್ತ್ರವನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯ ಉತ್ತರ ಚಿತ್ರವೇ. 1935ರಲ್ಲಿ 'ಸದಾರಮೆ' ಚಿತ್ರವಾಯಿತು. ರಂಗದ ಮೇಲೆ ನಾಡನ್ನೆಲ್ಲ ನಗಿಸಿದ್ದ ಕಳ್ಳ ತೆರೆಯ ಮೇಲೂ ಬಂದ. 1941ರ 'ಸುಭದ್ರಾ'ದಲ್ಲಿ ಹೊನ್ನಪ್ಪ ಭಾಗವತರ ಕಂಠವನ್ನು ಕನ್ನಡ ಚಿತ್ರಪ್ರೇಕ್ಷಕರು ಕೇಳಿದರು. 1940ರ ದಶಕದ ನಡುವೆ 'ಹೇಮರೆಡ್ಡಿ ಮಲ್ಲಮ್ಮ' ಬಂದಿತು. ಈ ಎರಡು ಚಿತ್ರಗಳ ನಡುವೆ ಬಂದ 'ಜೀವನ ನಾಟಕ' ನಮ್ಮಂಥ ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕಾದದ್ದು. ಅದು ಸಾಮಾಜಿಕ ಚಿತ್ರ. ನಿರ್ದೇಶಕರು ವಹಾಬ್ ಕಾಶ್ಮೀರಿ. ನಟರಲ್ಲಿ ಕೆಂಪರಾಜ ಅರಸು, ಜಯಮ್ಮ, ಹಿಂದಿ ಮರಾಠಿ ಚಿತ್ರಗಳಲ್ಲಿ ಖ್ಯಾತರಾಗಿದ್ದ ಶಾಂತಾ ಹುಬ್ಳೀಕರ್ ಇದ್ದರು. ಕತೆ ಮಾತುಗಳನ್ನು ಬರೆದವರು ಅ. ನ. ಕೃಷ್ಣರಾಯರು. ಪುರಾಣದ ಕತೆ ಗಲ್ಲಾಪೆಟ್ಟಿಗೆ ತುಂಬುತ್ತದೆಂದು ಅನುಭವದಿಂದ ಬಲ್ಲ ಯಜಮಾನ, ಸಮಕಾಲೀನ ಕಾದಂಬರಿಕಾರನ ಕೈಗೆ ಲೇಖನಿ ಕೊಟ್ಟು ಇಂದಿನ ಬಾಳನ್ನು ಬರೆಯಿರೆಂದದ್ದು ಸಣ್ಣ ಸಾಹಸವಲ್ಲ. ಕನ್ನಡ ಕಾದಂಬರಿಗೂ ಚಿತ್ರಕ್ಕೂ ಮುಂದೆ ಬೆಳೆದ ನಂಟಿನ ಮೊದಲ ಎಳೆಗಳಲ್ಲಿ ಇದು ಒಂದು.

ನಾನು ಹಲವಾರು ವರ್ಷ ಕನ್ನಡ ಎಂ. ಎ. ತರಗತಿಗಳಿಗೆ ಪಾಠ ಹೇಳಿದವನು. ನಾಟಕ ಸಾಹಿತ್ಯದ ಪಠ್ಯದಲ್ಲಿ ಕೈಲಾಸಂ, ಶ್ರೀರಂಗ, ಸಂಸ, ಕಾರ್ನಾಡ ಎಲ್ಲರೂ ಇದ್ದರು. ಕಂಪನಿ ನಾಟಕಗಳಿಗೆ ಒಂದು ಪುಟ, ಅದರಲ್ಲೂ 'ಅಭಿರುಚಿಯ ಇಳಿಕೆ' ಎಂಬ ಉಪಶೀರ್ಷಿಕೆಯ ಕೆಳಗೆ. ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳಿಗೆ ಪಠ್ಯವೆಂದರೆ ಅಚ್ಚಾದ ಪುಸ್ತಕ. ಗುಬ್ಬಿ ಕಂಪನಿಯ ಪಠ್ಯ ನಟರ ಮೈಯಲ್ಲಿತ್ತು, ಕಂಠದಲ್ಲಿತ್ತು, ಪರದೆಯ ಬಣ್ಣದಲ್ಲಿತ್ತು. ಅದು ಅಚ್ಚಿಗೆ ಸಿಗುವ ವಸ್ತುವಲ್ಲ. ಅದು ಹೋಗಿ ಉಳಿದದ್ದು ಚಲನಚಿತ್ರದಲ್ಲಿ. ಆರಂಭದ ಕನ್ನಡ ಚಿತ್ರಗಳಲ್ಲಿ ನಟರು ಎದುರಿಗಿರುವ ಪಾತ್ರವನ್ನು ಬಿಟ್ಟು ನೇರ ನಮ್ಮ ಕಡೆ ತಿರುಗಿ ಮಾತನಾಡುವುದನ್ನು ಕಂಡು ಇಂದಿನವರು ನಗುತ್ತಾರೆ. ಅದು ತಗಡಿನ ಥಿಯೇಟರಿನ ಕೊನೆಯ ಬೆಂಚಿಗೆ ಮಾತು ತಲುಪಿಸಿದವರ ಅಭ್ಯಾಸ.

ಈಗ 1950ರ ದಶಕಕ್ಕೆ ಬರೋಣ. ಮದರಾಸಿನ ವಡಪಳನಿಯಲ್ಲಿ ಎ. ವಿ. ಮೇಯಪ್ಪನ್ ಅವರ ಎ.ವಿ.ಎಂ. ಸ್ಟುಡಿಯೋ ಬೇರೂರಿತ್ತು. ವೀರಣ್ಣನವರು ಆ ಸ್ಟುಡಿಯೋದೊಡನೆ ಕೈಜೋಡಿಸಿದರು. ಯಂತ್ರ, ಅಂತಸ್ತು, ಹಣದ ಬಲ ಅವರದು. ಕತೆ, ಕಲಾವಿದರು, ಕನ್ನಡ ನಾಡಿನ ಜನಮನದ ಅರಿವು ಇವರದು. 1953ರಲ್ಲಿ ಜಯಮ್ಮನವರು ನಟಿಸಿದ 'ಗುಣಸಾಗರಿ', 1954ರಲ್ಲಿ 'ಬೇಡರ ಕಣ್ಣಪ್ಪ' ಹೊರಬಂದವು. ಎರಡಕ್ಕೂ ನಿರ್ದೇಶಕರು ಎಚ್. ಎಲ್. ಎನ್. ಸಿಂಹ. 'ಬೇಡರ ಕಣ್ಣಪ್ಪ' ರಾಷ್ಟ್ರಮಟ್ಟದಲ್ಲಿ ಅರ್ಹತಾಪತ್ರ ಪಡೆಯಿತು, ತೆಲುಗಿನಲ್ಲೂ ತಯಾರಾಯಿತು. ಅದರ ನಾಯಕ ಮುತ್ತುರಾಜ ಎಂಬ ತರುಣ. ಆತನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಹುಡುಗನೂ ಆ ಕಂಪನಿಯ ನೆರಳಿನಲ್ಲೇ ಬಣ್ಣ ಹಚ್ಚಿದವನು. ತಂದೆ ತೀರಿಕೊಂಡ ಮೇಲೆ ಸುಬ್ಬಯ್ಯನಾಯ್ಡು ಅವರ ಕಂಪನಿ ಸೇರಿಕೊಂಡಿದ್ದ. ಸಿಂಹ ಅವರು ಆತನಿಗೆ ರಾಜಕುಮಾರ್ ಎಂದು ಹೆಸರಿಟ್ಟರು. ಅದೇ ಚಿತ್ರದಲ್ಲಿ ನರಸಿಂಹರಾಜು, ಜಿ. ವಿ. ಅಯ್ಯರ್ ಅವರೂ ಇದ್ದರು. ಮುಂದಿನ ದಶಕಗಳ ಕನ್ನಡ ಚಿತ್ರರಂಗದ ಅರ್ಧ ಪಾಲು ಆ ಒಂದು ಚಿತ್ರದ ನಟವರ್ಗದಲ್ಲಿ ಇತ್ತೆಂದರೆ ಸಲ್ಲುತ್ತದೆ. ಎ.ವಿ.ಎಂ.ನವರು ಒದಗಿಸಿದ್ದು ಗೋಡೆಗಳನ್ನು. ಒಳಗೆ ನಿಂತವರನ್ನು ತಯಾರಿಸಿದ ಕಾರ್ಖಾನೆ ಊರೂರು ಅಲೆಯುತ್ತಿದ್ದ ನಾಟಕ ಕಂಪನಿಗಳು, ಅವುಗಳಲ್ಲಿ ಮೊದಲನೆಯದು ಗುಬ್ಬಿಯದು.

ಹಾಗಾದರೆ ಕನ್ನಡನಾಡಿನಲ್ಲಿ ಗೋಡೆಗಳು ಏಳಲಿಲ್ಲವೇ? ಎದ್ದವು, ಅದೂ ಮೈಸೂರಿನಲ್ಲಿ. 1940ರ ದಶಕದ ಕೊನೆಯ ಹೊತ್ತಿಗೆ ಇಲ್ಲಿ ನವಜ್ಯೋತಿ ಸ್ಟುಡಿಯೋ ಕೆಲಸ ಮಾಡುತ್ತಿತ್ತು. ಡಿ. ಶಂಕರಸಿಂಗ್, ಬಿ. ವಿಠಲಾಚಾರ್ಯರ ಮಹಾತ್ಮಾ ಪಿಕ್ಚರ್ಸ್ ಮೈಸೂರನ್ನೇ ನೆಲೆ ಮಾಡಿಕೊಂಡು 'ನಾಗಕನ್ನಿಕಾ', 'ಜಗನ್ಮೋಹಿನಿ'ಯಂಥ ಚಿತ್ರಗಳಿಂದ ಗಲ್ಲಾಪೆಟ್ಟಿಗೆಯನ್ನು ತುಂಬಿಸಿತು. 'ಬೇಡರ ಕಣ್ಣಪ್ಪ' ಬಂದ 1954ರಲ್ಲೇ ಎಂ. ಎನ್. ಬಸವರಾಜಯ್ಯನವರು ನಾನು ಈಗ ವಾಸವಾಗಿರುವ ಜಯಲಕ್ಷ್ಮಿಪುರಂನಲ್ಲಿ, ಹುಣಸೂರು ರಸ್ತೆಯ ಮಗ್ಗುಲಿಗೆ, ಪ್ರೀಮಿಯರ್ ಸ್ಟುಡಿಯೋವನ್ನು ಸ್ಥಾಪಿಸಿದರು. ಕನ್ನಡವಲ್ಲದೆ ಇತರ ಭಾಷೆಗಳ ಚಿತ್ರಗಳೂ ಅಲ್ಲಿ ತಯಾರಾದವು. ವೀರಣ್ಣನವರಿಗೆ 1930ರಲ್ಲಿ ದಕ್ಕದಿದ್ದ ಸೌಕರ್ಯ, ಅವರು ಮದರಾಸಿನಲ್ಲಿ ಹಂಗಿಗೆ ಪಡೆದ ಸೌಕರ್ಯ, ಮೈಸೂರಿಗೆ ಬಂದದ್ದು ಹೀಗೆ.

ಆ ಸ್ಟುಡಿಯೋದ ಹೆಸರು ಇಂದು ದೇಶದ ನೆನಪಿನಲ್ಲಿ ಉಳಿದಿರುವುದು ಬೇರೆ ಕಾರಣಕ್ಕೆ. 1989ರ ಫೆಬ್ರವರಿ 8ರಂದು, 'ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್' ಎಂಬ ದೂರದರ್ಶನ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಹೊತ್ತಿ 62 ಮಂದಿ ಪ್ರಾಣ ಕಳೆದುಕೊಂಡರು. ನಾಯಕನಟ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ವಿದ್ಯುತ್ ತಂತಿಗಳ ಸಡಿಲ ಜೋಡಣೆ, ಗಾಳಿಕಿಂಡಿಗಳ ಅಭಾವ, ಗೋಡೆಗೆ ಹೊದಿಸಿದ್ದ ಗೋಣಿ ಇವೇ ಅನಾಹುತವನ್ನು ಹೆಚ್ಚಿಸಿದವೆಂದು ಆಗ ವರದಿಯಾಯಿತು. ಮಾತು ಬಂದಾಗ ಗೋಡೆ ಬೇಕಾಯಿತು ಎಂದೆನಷ್ಟೆ. ಮುಚ್ಚಿದ, ಹೊದಿಸಿದ ಆ ಗೋಡೆಗಳ ನಡುವೆ ಸಿಕ್ಕಿಕೊಂಡವರಲ್ಲಿ ದಿನಗೂಲಿಗೆ ಬಂದವರೂ ಇದ್ದರು. ನಮ್ಮ ಬಡಾವಣೆಯ ಹಿರಿಯರು ಈಗಲೂ ಮದುವೆ ಮುಂಜಿಗಳ ಕಾಲವನ್ನು 'ಸ್ಟುಡಿಯೋ ಸುಟ್ಟ ವರ್ಷ' ಎಂದು ಗುರುತು ಹಿಡಿದು ಹೇಳುವುದುಂಟು.

ಅದೇ 1989ರಲ್ಲಿ, ಅದೇ ಹುಣಸೂರು ರಸ್ತೆಯಲ್ಲಿ ಊರಿನ ಕಡೆಗೆ ಸ್ವಲ್ಪ ದೂರದಲ್ಲಿರುವ ಕಲಾಮಂದಿರದ ಆವರಣದಲ್ಲಿ, ರಂಗಾಯಣ ಆರಂಭವಾಯಿತು. ಸರ್ಕಾರದ ಈ ರಂಗಸಂಸ್ಥೆಯಲ್ಲಿ ನಟರಿಗೆ ತಿಂಗಳ ಸಂಬಳ. ವರ್ಷವಿಡೀ ತಾಲೀಮು, ಪ್ರಯೋಗ. ಅಂದರೆ ರೂಪದಲ್ಲಿ ಅದೂ ಒಂದು ಕಂಪನಿಯೇ, ಗಲ್ಲಾಪೆಟ್ಟಿಗೆಯ ಭಯವೊಂದು ಕಡಿಮೆ. ಅದರ ಮೊದಲ ನಿರ್ದೇಶಕರು ಬಿ. ವಿ. ಕಾರಂತರು. ದಕ್ಷಿಣ ಕನ್ನಡದ ಮಂಚಿಯಿಂದ ಬಂದು ಗುಬ್ಬಿ ಕಂಪನಿ ಸೇರಿದ್ದ ಹುಡುಗ ಈ ಕಾರಂತರು. ಅವರನ್ನು ಕಾಶಿಗೆ ಕಳುಹಿಸಿ ಎಂ. ಎ. ಓದಿಸಿದವರು ವೀರಣ್ಣನವರು. ಕಾರಂತರು ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕಶಾಲೆಗೆ ಹೋದರು, ಗುಬ್ಬಿ ಕಂಪನಿಗೆ ನಟನಾಗಿ ಮರಳಲಿಲ್ಲ. ವ್ಯಾಪಾರದ ಲೆಕ್ಕದಲ್ಲಿ ಇದು ಶುದ್ಧ ನಷ್ಟ. ಅವರು ನಿರ್ದೇಶಿಸಿದ 'ಚೋಮನ ದುಡಿ' 1975ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯುವ ಹೊತ್ತಿಗೆ ವೀರಣ್ಣನವರು ಇರಲಿಲ್ಲ. ಹುಡುಗನಾಗಿ ಕಂಪನಿ ಸೇರಿದ್ದ ಜಿ. ವಿ. ಅಯ್ಯರ್ ಅವರು 1983ರಲ್ಲಿ 'ಆದಿ ಶಂಕರಾಚಾರ್ಯ'ವನ್ನು, ಸಂಸ್ಕೃತ ಭಾಷೆಯ ಮೊದಲ ಚಿತ್ರವನ್ನು, ತೆಗೆದರು. ಹಳೆಯ ಬಣ್ಣದ ಪರದೆಗಳ ಕಂಪನಿಯಲ್ಲಿ ಬೆಳೆದವರಿಂದಲೇ ಹೊಸ ಅಲೆಯ ಚಿತ್ರಗಳೂ ಹುಟ್ಟಿದುದನ್ನು ನಮ್ಮ ವಿಮರ್ಶಕರು ಇನ್ನೂ ಸರಿಯಾಗಿ ವಿಚಾರ ಮಾಡಿಲ್ಲ.

ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟರು. ವಚನಕಾರರ ಕಾಯಕಕ್ಕೆ ದಾಸೋಹ ಜೊತೆಗೂಡಿರುತ್ತದೆ. ದುಡಿದದ್ದನ್ನು ಹಂಚಿ ಉಣ್ಣದಿದ್ದರೆ ಅದು ಕಾಯಕವೆನಿಸದು. ಕಂಪನಿಯ ಪಂಕ್ತಿಯಲ್ಲಿ ರಾಜನ ಪಾತ್ರದವನೂ ಪರದೆ ಎಳೆಯುವವನೂ ಎಲೆ ಹಾಕಿಸಿಕೊಂಡು ಕೂತದ್ದನ್ನು ನೆನೆದರೆ ಆ ಹೆಸರು ಅಲಂಕಾರಕ್ಕೆ ಇಟ್ಟದ್ದಲ್ಲವೆಂದು ತಿಳಿಯುತ್ತದೆ. ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಯಜಮಾನನೊಬ್ಬನ ಮೇಲೆ ನಿಂತ ಸಂಸ್ಥೆಯಲ್ಲಿ ಕಲಾವಿದನ ಅನ್ನವೂ ಸ್ಥಾನವೂ ಆತನ ಮರ್ಜಿಗೆ ಒಳಪಟ್ಟಿರುತ್ತವೆ. ಯಜಮಾನನಿಗೆ ವಯಸ್ಸಾದಂತೆ ಸಂಸ್ಥೆಗೂ ವಯಸ್ಸಾಗುತ್ತದೆ. ಜನ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಕೊಡುವ ಚಾಳಿ ಅವರ ಚಿತ್ರಗಳಲ್ಲೂ ಇದೆ. 'ಜೀವನ ನಾಟಕ'ದ ದಾರಿಯನ್ನು ಅವರು ಮುಂದುವರಿಸಲಿಲ್ಲ. ಮುಂದುವರಿಸಿದ್ದರೆ ಕನ್ನಡದ ಸಾಮಾಜಿಕ ಚಿತ್ರ ಹತ್ತು ವರ್ಷ ಮೊದಲೇ ಕಾಲೂರುತ್ತಿತ್ತೋ ಏನೋ. ಆದರೆ ಅವರ ಹಿಂದೆ ಊಟಕ್ಕೆ ಕಾದವರ ಪಂಕ್ತಿ ಉದ್ದವಾಗಿತ್ತು.

ಗೌರವಗಳು ತಡವಾಗಿಯಾದರೂ ಬಂದವು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ಅದೇ 1972ರ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀ ಅವರು ರಂಗದಲ್ಲಿ ಮುಂದುವರಿದು, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಸ್ಟುಡಿಯೋದ ಹಂಬಲ ಮಾತ್ರ ವೀರಣ್ಣನವರನ್ನು ಕೊನೆಯವರೆಗೆ ಬಿಡಲಿಲ್ಲ. ಕನ್ನಡ ಚಿತ್ರಗಳು ಮದರಾಸನ್ನು ಬಿಟ್ಟು ತಾಯ್ನಾಡಿಗೆ ಬರಬೇಕೆಂಬ ಒತ್ತಾಯ ಬಲಿತ ಕಾಲದಲ್ಲಿ, 1966ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಕಂಠೀರವ ಸ್ಟುಡಿಯೋ ಸ್ಥಾಪನೆಯಾಯಿತು. ಆ ಪ್ರಯತ್ನದ ಹಿಂದೆ ನಿಂತ ಮುಖ್ಯರಲ್ಲಿ ವೀರಣ್ಣನವರೂ ಒಬ್ಬರು. ಆಗ ಅವರಿಗೆ ಎಪ್ಪತ್ತೈದು ವರ್ಷ. ಬೆಂಗಳೂರಿನ ಮೊದಲ ಕಂಪನಿಗೆ ಅವರು ಹಣ ಹಾಕಿ ಆಗಲೇ ಮೂವತ್ತೈದು ವರ್ಷಗಳಾಗಿದ್ದವು. 2006ರ ಏಪ್ರಿಲ್‌ನಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗನನ್ನು, 'ಬೇಡರ ಕಣ್ಣಪ್ಪ'ದ ರಾಜಕುಮಾರರನ್ನು, ಮಣ್ಣು ಮಾಡಿದುದು ಆ ಸ್ಟುಡಿಯೋದ ಆವರಣದಲ್ಲಿ.